ಪಾರ್ಟಿ ಲೈನಲ್ಲಿದ್ದಾರೆ

ಬೆಳಗಿನ ಮಾತ್ರೆಗಳನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸುತ್ತಿದ್ದಾಗ ನಾದಿನಿಯ ಫೋನು ಬಂತು. ಕೈ ಅಂಟಂಟಾಗಿತ್ತು. ಕಿರುಬೆರಳಿನಿಂದ ಸ್ಪೀಕರ್ ಒತ್ತಿ, ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ಅವಳು ಕಲಸುವುದನ್ನು ಮುಂದುವರಿಸಿದಳು.

“ಅತ್ತಿಗೆ, ಮೂರರಲ್ಲಿ ಒಂದನ್ನ ಆರಿಸ್ಲೇಬೇಕು. ಭಾನುವಾರ ನಾವಿಬ್ರೂ ಕೂತು ಮುಗಿಸ್ಬಿಡೋಣ. ಇಲ್ಲಾಂದ್ರೆ ನಾನಂತೂ ಕೈ ಎತ್ತಿಬಿಡ್ತೀನಿ.”

“ಎತ್ತಮ್ಮ. ನಿನಗಾದ್ರೂ ಎತ್ತೋದಕ್ಕೆ ಕೈ ಖಾಲಿ ಇದೆ.”

“ತಮಾಷೆ ಅಲ್ಲ. ಹೋದ ಸಂಚಿಕೇಲಿ ಮಾತಿನ ಮಧ್ಯೆ ಮಧ್ಯೆ ಆಕಳಿಸಿದೀರಿ. ಅದನ್ನ ಕತ್ತರಿಸಿ ಕತ್ತರಿಸಿ ನನಗೆ ಸಾಕಾಯ್ತು.”

“ಬಿಟ್ಟುಬಿಡಬೇಕಿತ್ತು. ಕೇಳೋರೂ ಆಕಳಿಸ್ತಾನೇ ಕೇಳ್ತಿರ್ತಾರೆ. ಜೊತೆಗಾಗ್ತಿತ್ತು.”

ನಾದಿನಿ ನಗಲಿಲ್ಲ. ಬೇರೆ ಊರಿನಲ್ಲಿದ್ದು, ಜಾಹೀರಾತುಗಳ ದನಿ ಮುದ್ರಿಸುವ ಸ್ಟುಡಿಯೋದಲ್ಲಿ ಕೆಲಸ ಮಾಡುವ ಅವಳಿಗೆ ದನಿಯ ವಿಷಯದಲ್ಲಿ ತಮಾಷೆ ಹಿಡಿಸುವುದಿಲ್ಲ. ಈ ಪಾಡ್‌ಕಾಸ್ಟ್ ಹುಟ್ಟಿದ್ದೇ ಅವಳಿಂದ. ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋದಾಗ ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ಇವಳು. ಊರಿನವರ ಮೂಗಿನ ಅಳತೆಯೆಲ್ಲ ಬಾಯಿಪಾಠವಾಗಿದ್ದವಳಿಗೆ ದಿನವಿಡೀ ನೋಡಲು ಒಂದೇ ಮುಖ ಉಳಿಯಿತು. ಆಗ ಮನಸ್ಸು ತಡೆಯದೆ ನಾದಿನಿಗೆ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು. ಬೈಗುಳ, ಅಳು, ನಗು, ಬೆಡ್‌ಶೀಟಿನ ಕಥೆ, ಡಾಕ್ಟರರ ಕಥೆ, ಎಲ್ಲ ಒಂದೇ ಉಸಿರಿನಲ್ಲಿ. “ಇದನ್ನ ನಾನೊಬ್ಬಳೇ ಕೇಳೋದು ಅನ್ಯಾಯ ಅತ್ತಿಗೆ” ಎಂದು ನಾದಿನಿಯೇ ಹಟ ಹಿಡಿದು, ಒಂದು ಮೈಕು ಕಳಿಸಿಕೊಟ್ಟು, ‘ಒಂದು ಗಳಿಗೆ’ ಎಂದು ಹೆಸರಿಟ್ಟಳು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರಿಗಾಗಿ. ಹಾಸಿಗೆ ಹೊದಿಕೆ ತುಂಬಿದ ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಇವಳು ಮಾತಾಡುವುದು, ಅಲ್ಲಿ ಕೂತು ಅವಳು ಅದನ್ನು ಓರಣ ಮಾಡುವುದು. ಕೇಳುಗರಿಗೆ ಇವಳು ಬರೀ ‘ಅಕ್ಕ’.

ಟೀ ಸಂಚಿಕೆ ಬರುವವರೆಗೆ ಎಲ್ಲವೂ ಕೈಯಳತೆಯಲ್ಲಿತ್ತು.

ಆ ಸಂಚಿಕೆಯಲ್ಲಿ ಅವಳು ಹೇಳಿದ್ದು ಇಷ್ಟೇ. ಒಂದು ಬೆಳಿಗ್ಗೆ ಮನೆಯ ಹಿರಿಯರು ಎಂದಿನ ಹೊತ್ತಿಗೆ ಕರೆಯಲಿಲ್ಲ. ಒಳಗಿಂದ ಕೆಮ್ಮಿಲ್ಲ, ಮಂಚದ ಕಂಬಿಗೆ ಚಮಚ ಬಡಿದ ಸದ್ದಿಲ್ಲ. ಅವಳು ಟೀ ಲೋಟ ಹಿಡಿದುಕೊಂಡೇ ಬಾಗಿಲ ತನಕ ಹೋದಳು. ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಬಿಸಿಬಿಸಿಯಾಗಿ, ಕೊನೆಯ ಗುಟುಕಿನವರೆಗೂ ಟೀ ಕುಡಿದಳು. ಲೋಟ ಖಾಲಿಯಾದ ಮೇಲೆ ಹೋಗಿ ನೋಡಿದರೆ ಹಿರಿಯರು ಸುಮ್ಮನೆ ನಿದ್ದೆ ಹೋಗಿದ್ದರು. “ಅಷ್ಟು ರುಚಿಯಾದ ಟೀ ಕುಡಿದು ಎಷ್ಟು ಕಾಲ ಆಗಿತ್ತೋ” ಎಂದು ಮೈಕಿನ ಮುಂದೆ ಹೇಳಿ ಅವಳು ಸುಮ್ಮನಾಗಿದ್ದಳು. ನಾದಿನಿ ಆ ಮೌನವನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಳು. ಆ ಹಿರಿಯರು ತನ್ನ ಹೆತ್ತ ತಾಯಿ ಎಂಬುದು ಗೊತ್ತಿದ್ದೂ ಆ ಬಗ್ಗೆ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಇವಳೂ ಕೆದಕಲಿಲ್ಲ.

ಮಾರನೆಯ ದಿನದಿಂದ ಇವಳ ಫೋನಿಗೆ ದನಿಗಳು ಸುರಿಯತೊಡಗಿದವು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದವರು, ಮಹಡಿಯ ಮೇಲೆ ಬಟ್ಟೆ ಹರವುತ್ತಾ ಮಾತಾಡಿದವರು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರು. “ಅಕ್ಕಾ, ನೀವು ಟೀ ಕುಡಿದ್ರಿ. ನಾನು ಪೇಪರ್ ಪೂರ್ತಿ ಓದಿ ಮುಗಿಸಿದೀನಿ, ಪದಬಂಧ ಸಮೇತ.” “ಅಕ್ಕಾ, ನಮ್ಮ ಯಜಮಾನರು ಅವತ್ತು ಏಳ್ದೇ ಇದ್ದಾಗ ನಾನು ತಲೆ ಬಾಚ್ಕೊಂಡೆ. ನಾಲ್ಕು ಜನ ಬಂದ್ರೆ ಚೆನ್ನಾಗಿ ಕಾಣಲಿ ಅಂತ.” ಮೊದಮೊದಲು ಅವಳು ನಕ್ಕಳು, ಅತ್ತಳು, ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಆಮೇಲಾಮೇಲೆ ಫೋನು ಟಿಂಗ್ ಎಂದರೆ ಸಾಕು, ಅದನ್ನು ಮಗುಚಿಡತೊಡಗಿದಳು. ಅತ್ತೆಯ ಬೆನ್ನು ಒರೆಸುವಾಗ ಒಬ್ಬಳ ಅಳು, ಪಾತ್ರೆ ತೊಳೆಯುವಾಗ ಇನ್ನೊಬ್ಬಳ ಅಳು. ಒಂದು ಮನೆಯ ಸೇವೆಯೇ ಬೆನ್ನು ಮುರಿಯುತ್ತಿರುವಾಗ ಊರಿನ ಮನೆಗಳನ್ನೆಲ್ಲ ಕಿವಿಯಲ್ಲಿ ಹೊತ್ತು ತಿರುಗುವುದು ಅವಳಿಂದ ಆಗುತ್ತಿರಲಿಲ್ಲ. ಈ ದನಿಗಳಿಗೆ ಬೇರೆ ಒಂದು ಜಾಗ ಬೇಕಿತ್ತು, ಅದಕ್ಕೇ ನಾದಿನಿ ಮೂರು ದಾರಿ ಹುಡುಕಿಟ್ಟಿದ್ದಳು. ಯಾವುದೂ ಆಗದೆ ಹೋದರೆ ಪಾಡ್‌ಕಾಸ್ಟನ್ನೇ ನಿಲ್ಲಿಸಬೇಕಾಗುತ್ತಿತ್ತು. ನಿಲ್ಲಿಸಿದರೆ ಅವಳ ಪಾಲಿಗೆ ಉಳಿಯುವುದು ಮಾತ್ರೆ, ಜೇನುತುಪ್ಪ, ಬೆಡ್‌ಶೀಟು.

“ಭಾನುವಾರ ಆಗಲಿ” ಎಂದು ಫೋನಿಟ್ಟು, ಬಟ್ಟಲು ಹಿಡಿದು ಅತ್ತೆಯ ಕೋಣೆಗೆ ಹೋದಳು.

ಅತ್ತೆ ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಏರಿಸಿ, ಎದುರಿನ ದೊಡ್ಡ ಹಲಗೆಯ ತೂತುಗಳಿಗೆ ವೈರು ಸಿಕ್ಕಿಸಿ ಊರಿಂದೂರಿಗೆ ಮಾತು ಕೂಡಿಸುತ್ತಿದ್ದವರು. ಪಾರ್ಶ್ವವಾಯು ಅವರ ಮಾತನ್ನೆಲ್ಲ ಒರೆಸಿಹಾಕಿತ್ತು. ಉಳಿದದ್ದು ಒಂದು ಹಿಡಿ ಪದ, ಅದರಲ್ಲೂ ಹೆಚ್ಚಿನವು ಎಕ್ಸ್‌ಚೇಂಜಿನವೇ. ಅಭ್ಯಾಸವಾದ ಮಾತು ತಳದಲ್ಲಿ ಉಳಿದುಬಿಡುತ್ತದೆ ಎಂದಿದ್ದರು ಡಾಕ್ಟರು. ಆ ಪದಗಳಿಂದಲೇ ಅತ್ತೆ ಸಂಸಾರ ನಡೆಸುತ್ತಿದ್ದರು. ಬಚ್ಚಲಿಗೆ ಹೋಗಬೇಕಾದರೆ ‘ಅರ್ಜೆಂಟ್’. ಬೇಡ ಎನ್ನಲು ‘ಎಂಗೇಜ್’. ಊರಿಂದೂರಿನ ಕರೆಗೆ ಆಗ ಟ್ರಂಕ್ ಕಾಲ್ ಎನ್ನುತ್ತಿದ್ದರು, ಹಾಗಾಗಿ ದೂರದೂರಿನ ಮಗಳು ‘ಟ್ರಂಕು’. ನೋಡಲು ಯಾರೇ ಬಂದರೂ ‘ಪಾರ್ಟಿ’. ಯಾವ ರಿಪೇರಿಗೂ ಕರೆದ ಹೊತ್ತಿಗೆ ಬಾರದ ಮಗ ‘ಲೈನ್‌ಮನ್’. ಸೊಸೆಗೆ ಮಾತ್ರ ಅವರು ಕೊಟ್ಟ ಹುದ್ದೆ ದೊಡ್ಡದು, ‘ಸೂಪರ್‌ವೈಸರ್’. ಅದರಲ್ಲಿ ಮರ್ಯಾದೆ ಎಷ್ಟು, ಕೊಂಕು ಎಷ್ಟು ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ನಾಲಿಗೆ ಹೊರಳದೆ ಆ ಪದಗಳೂ ಬಾಯಲ್ಲಿ ಹತ್ತಿ ತುರುಕಿದಂತೆ ಬರುತ್ತಿದ್ದವು. ಮಗನಿಗೆ ಅರ್ಧ ತಿಳಿಯುತ್ತಿತ್ತು, ಮಗಳಿಗೆ ಅದೂ ಇಲ್ಲ. ಪೂರ್ತಿ ತಿಳಿಯುತ್ತಿದ್ದದ್ದು ಇವಳೊಬ್ಬಳಿಗೇ.

ಅಂದರೆ, ಹಾಗೆಂದು ಅವಳು ನಂಬಿದ್ದಳು.

“ಟೀ?” ಎಂದರು ಅತ್ತೆ, ಮಾತ್ರೆ ನುಂಗಿದ ಮೇಲೆ. ಈಚೆಗೆ ದಿನಾ ಬೆಳಿಗ್ಗೆ ಇದೊಂದು ಹೊಸ ರಾಗ.

“ತರ್ತೀನಿ ಅತ್ತೆ. ಗಟ್ಟಿ ಮಾಡ್ಕೊಂಡು ತರಬೇಕು, ತೆಳ್ಳಗಿದ್ರೆ ನೆತ್ತಿಗೇರತ್ತೆ.”

ನೀರಾದ ಯಾವುದನ್ನೂ ಅತ್ತೆಗೆ ಹಾಗೇ ಕುಡಿಸುವಂತಿರಲಿಲ್ಲ, ಪುಡಿ ಬೆರೆಸಿ ಗಂಜಿಯಂತೆ ಮಾಡಬೇಕಿತ್ತು. ಅವಳು ಮಾಡಿಕೊಂಡು ಬಂದು ಚಮಚ ಬಾಯಿಗೆ ಹಿಡಿದರೆ ಅತ್ತೆ ಮುಖ ಆ ಕಡೆ ತಿರುಗಿಸಿದರು.

“ಎಂಗೇಜ್.”

“ನೀವೇ ಕೇಳಿದ್ರಲ್ಲ ಈಗ.”

“ಎಂಗೇಜ್” ಎಂದರು ಅತ್ತೆ ಮತ್ತೆ, ದಡ್ಡರಿಗೆ ಬಿಡಿಸಿ ಹೇಳುವವರ ಹಾಗೆ.

ದಿನಾ ಇದೇ. ಕೇಳುವುದು, ಮಾಡಿ ತಂದರೆ ಒಲ್ಲೆ ಎನ್ನುವುದು. ಗಟ್ಟಿ ಟೀಯನ್ನು ಸಿಂಕಿಗೆ ಚೆಲ್ಲುತ್ತಾ ಅವಳು ತನ್ನ ಹಣೆಬರಹವನ್ನೂ ಒಂದಿಷ್ಟು ಅದರ ಜೊತೆಗೇ ಚೆಲ್ಲುತ್ತಿದ್ದಳು.

ಮೂರು ದಾರಿಗಳಲ್ಲಿ ಮೊದಲನೆಯದು ಅದೇ ವಾರ ಮುರಿದುಬಿತ್ತು. ಅದೊಂದು ಸಾಮಾನ್ಯ ಗ್ರೂಪು. ಎಲ್ಲರನ್ನೂ ಒಂದೇ ಕಡೆ ಸೇರಿಸುವುದು, ಅವರವರೇ ಮಾತಾಡಿಕೊಳ್ಳಲಿ, ಅಕ್ಕನ ತಲೆ ಮೇಲೆ ಎಲ್ಲರ ಹೊರೆ ಬೇಡ ಎಂದು ಲೆಕ್ಕ. ಪರೀಕ್ಷೆಗೆಂದು ಕೆಲವರನ್ನಷ್ಟೇ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬಾಕೆ ತನ್ನ ಅತ್ತೆ ಹಾಸಿಗೆ ಹಿಡಿದ ಮೇಲೆ ವಾರಗಿತ್ತಿ ಒಂದು ದಿನವೂ ಹತ್ತಿರ ಸುಳಿಯಲಿಲ್ಲ, ಎಲ್ಲ ತನ್ನ ತಲೆಗೇ ಕಟ್ಟಿದ್ದಾಳೆ ಎಂದು ಮನಬಿಚ್ಚಿ ಹೇಳಿಕೊಂಡಳು. ಅದರ ಕೆಳಗೇ ಇನ್ನೊಂದು ನಂಬರಿನಿಂದ ದನಿ ಬಂತು. “ಅಕ್ಕಾ, ನಾನೂ ಇಲ್ಲೇ ಇದೀನಿ. ತಿಂಗಳಾ ತಿಂಗಳಾ ನರ್ಸಿಗೆ ಕೊಡೋರು ಯಾರು ಅಂತಾನೂ ಇವರಿಗೆಲ್ಲ ಹೇಳಿಬಿಡಿ.”

ಅದು ಅದೇ ವಾರಗಿತ್ತಿ.

ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರ ನಂಬರೂ ಕಾಣುತ್ತದೆ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಇಬ್ಬರಿಗೂ ಹೊಳೆದಿರಲಿಲ್ಲ. ನಾದಿನಿ ಗ್ರೂಪು ಅಳಿಸಿದಳು. ಅಷ್ಟರಲ್ಲಿ ಒಂದು ಮನೆಯೊಳಗೆ ಬೆಂಕಿ ಹತ್ತಿಕೊಂಡಿತ್ತು, ಮೊದಲನೆಯಾಕೆ ಆಮೇಲೆ ಎಲ್ಲೂ ದನಿ ಎತ್ತಲಿಲ್ಲ. ಇವಳಿಗೆ ಎರಡು ದಿನ ಊಟ ರುಚಿಸಲಿಲ್ಲ.

ಎರಡನೆಯದು ಕಮ್ಯೂನಿಟಿ ಆ್ಯಪು. ಅಲ್ಲಿ ಹೆಸರು ಮುಚ್ಚಿಡಬಹುದು, ಬೇರೆ ಬೇರೆ ಕೋಣೆಗಳಿವೆ, ಮರೆವಿನ ಕಾಯಿಲೆಯವರ ಮನೆಯವರಿಗೆ ಒಂದು, ಹಾಸಿಗೆ ಹಿಡಿದವರ ಮನೆಯವರಿಗೆ ಒಂದು. ನೋಡಲು ಚೆಂದ. ಆದರೆ ಒಳಗೆ ಕಾಲಿಡುವಷ್ಟರಲ್ಲಿ ಮೇಲ್ ಐಡಿ, ಪಾಸ್‌ವರ್ಡು, ಓಟಿಪಿ ಎಂದು ಹೊಸಿಲು ಹೊಸಿಲಿಗೂ ತಡೆ. “ಅಕ್ಕಾ, ಓಟಿಪಿ ಹೋಗೋದು ನಮ್ಮೆಜಮಾನ್ರ ಫೋನಿಗೆ. ಏನಕ್ಕೆ ಬಂತು ಅಂತ ಕೇಳಿದ್ರೆ ಏನು ಹೇಳ್ಲಿ” ಎಂದು ಒಬ್ಬಾಕೆ ಕೇಳಿದಳು. ಅದರಲ್ಲಿ ‘ನಿಮ್ಮ ಆಸಕ್ತಿಗಳನ್ನು ಆರಿಸಿ’ ಎಂಬ ಪುಟವೂ ಇತ್ತು. ಇವಳೇ ಅಲ್ಲಿಯವರೆಗೆ ಹೋಗಿ, ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು. ಪ್ರವಾಸ, ತೋಟಗಾರಿಕೆ, ನೃತ್ಯ. ಏನನ್ನೂ ಒತ್ತದೆ ಹೊರಗೆ ಬಂದಳು.

ಮೂರನೆಯದು ನಾದಿನಿ ಮನಸ್ಸಿಟ್ಟದ್ದು. ವಾಯ್ಸ್ ಬಾಕ್ಸ್. ಒಂದು ಪುಟ, ನಡುವೆ ಒಂದು ಕೆಂಪು ಗುಂಡಿ, ಅಷ್ಟೇ. ಹೆಸರು ಬೇಡ, ನಂಬರು ಬೇಡ. ಗುಂಡಿ ಒತ್ತಿ ಒಂದೂವರೆ ನಿಮಿಷದೊಳಗೆ ಮಾತಾಡಿದರೆ ಆಯಿತು, ತಾನಾಗಿ ಬಂದು ಸೇರುತ್ತದೆ. ಬಂದ ದನಿಯ ಹಿಂದಿನ ಗದ್ದಲವನ್ನೆಲ್ಲ ಅದು ತೊಳೆಯುತ್ತದೆ. ಮಾತನ್ನು ಅಕ್ಷರಕ್ಕೆ ಇಳಿಸುತ್ತದೆ. ಕೆಲಸಕ್ಕೆ ಬಾರದ್ದನ್ನು ಪ್ರತ್ಯೇಕವಾಗಿ ‘ಕಸ’ದ ಬುಟ್ಟಿಗೆ ಹಾಕುತ್ತದೆ.

“ಇನ್ಮೇಲೆ ನೀವು ಕೇಳೋದೇ ಬೇಡ ಅತ್ತಿಗೆ. ಸುಮ್ನೆ ಕಣ್ಣಾಡಿಸಿದ್ರೆ ಸಾಕು.”

ಕೇಳೋದೇ ಬೇಡ. ಆ ಮಾತು ಊದಿದ ಪಾದವನ್ನು ತಣ್ಣೀರಿನ ಬಕೆಟ್ಟಿಗೆ ಇಳಿಸಿದ ಹಾಗಿತ್ತು. ಅವಳು ಆಗಲೇ ಮನಸ್ಸಿನಲ್ಲಿ ಹೂಂ ಎಂದುಬಿಟ್ಟಿದ್ದಳು.

“ಬೇರೆ ಯಾವುದಾದ್ರೂ ಫೋನಿಂದ ಒಂದ್ಸಲ ಒತ್ತಿ ನೋಡಿ” ಎಂದಿದ್ದಳು ನಾದಿನಿ. ಗಂಡನ ಫೋನು ಗಂಡನ ಜೊತೆ ಆಫೀಸಿನಲ್ಲಿತ್ತು. ಅತ್ತೆಯ ಮಂಚದ ಪಕ್ಕ ಸ್ಟ್ಯಾಂಡಿನ ಮೇಲೆ ಹಳೆಯ ಟ್ಯಾಬೊಂದಿತ್ತು, ಮಧ್ಯಾಹ್ನ ಹಳೆಯ ಹಾಡು ಕೇಳಲೆಂದು ನಾದಿನಿಯೇ ಕಳಿಸಿದ್ದು. ಅವಳು ಅದರಲ್ಲಿ ಆ ಪುಟ ತೆರೆದು ಗುಂಡಿ ಒತ್ತಿ, “ಹಲೋ, ಹಲೋ, ಕೇಳಿಸ್ತಿದೆಯಾ” ಎಂದು ಹೇಳಿ, ಮತ್ತೆ ಒತ್ತಿ ನಿಲ್ಲಿಸಿದಳು. ಅತ್ತೆ ದಿಂಬಿನ ಮೇಲೆ ತಲೆ ಹೊರಳಿಸಿ ಕೆಂಪು ಗುಂಡಿಯನ್ನೂ ಅವಳನ್ನೂ ಬಾರಿ ಬಾರಿ ನೋಡಿದರು.

“ಲೈನು?” ಎಂದರು.

“ಹೂಂ ಅತ್ತೆ, ಒಂಥರಾ ಲೈನೇ. ಇದನ್ನೊತ್ತಿದ್ರೆ ನನಗೂ ಟ್ರಂಕಿಗೂ ಬರತ್ತೆ.”

ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಸೀದ ವಾಸನೆ ಬಂತು. ಅವಳು ಪುಟವನ್ನು ಮುಚ್ಚದೆ ಟ್ಯಾಬನ್ನು ಅತ್ತೆಯ ಎಡಗೈಗೆ ಎಟುಕುವಲ್ಲೇ ಬಿಟ್ಟು ಓಡಿದಳು.

ಭಾನುವಾರ ಗಂಡ ಮನೆಯಲ್ಲಿದ್ದ. ಇದ್ದ ಎಂದರೆ, ಸೋಫಾದ ಮೇಲಿದ್ದ. ಅಮ್ಮನ ಕೋಣೆಯ ಫ್ಯಾನು ಕಿರುಗುಡುತ್ತಿದೆ ನೋಡಿ ಎಂದು ಅವಳು ಎರಡು ವಾರದಿಂದ ಹೇಳುತ್ತಿದ್ದಳು, ಅವನು “ನೋಡ್ತೀನಿ” ಎಂದು ಎರಡು ವಾರದಿಂದ ಹೇಳುತ್ತಿದ್ದ. ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಹಾಸಿಗೆ ಹೊದಿಕೆಯ ಚಿಕ್ಕ ಕೋಣೆಯೊಳಗೆ ಹೋಗಿ ಕಂಬಳಿಗಳ ಮಧ್ಯೆ ಕೂತಳು. ತೆರೆಯ ಮೇಲೆ ನಾದಿನಿಯ ಮುಖ, ಅದರ ಪಕ್ಕದಲ್ಲೇ ವಾಯ್ಸ್ ಬಾಕ್ಸಿನ ಪಟ್ಟಿ.

ನಾದಿನಿ ಒಂದೊಂದನ್ನೇ ತೋರಿಸಿದಳು. ಪರೀಕ್ಷೆಗೆಂದು ಕೆಲವೇ ಕೇಳುಗರಿಗೆ ಕೊಂಡಿ ಕಳಿಸಿದ್ದರೂ ಪುಟದ ತುಂಬ ದನಿಗಳಿದ್ದವು. ಪ್ರತಿ ದನಿಯ ಕೆಳಗೂ ಅಕ್ಷರ. ಅವಳು ಒಂದನ್ನು ಒತ್ತಿ ಕೇಳಿದಳು. ನಲ್ಲಿಯ ಸದ್ದಿಲ್ಲ, ಬೀದಿಯಿಲ್ಲ, ಪಾತ್ರೆಯಿಲ್ಲ. ಹೆಂಗಸೊಬ್ಬಳು ಎಲ್ಲಿಯೂ ಅಲ್ಲದ ಜಾಗದಲ್ಲಿ ನಿಂತು ಮಾತಾಡಿದ ಹಾಗಿತ್ತು. ಇನ್ನೊಂದು ಒತ್ತಿದಳು. ಅದೂ ಹಾಗೇ. ಎಲ್ಲರೂ ಒಂದೇ ಆಸ್ಪತ್ರೆಯ ಬಿಳಿ ಗೋಡೆಯ ಮುಂದೆ ಸರದಿಯಲ್ಲಿ ನಿಂತವರಂತೆ.

“ಚೆನ್ನಾಗಿದೆ ಅಲ್ವಾ?”

“ಸ್ವಚ್ಛವಾಗಿದೆ” ಎಂದಳು ಅವಳು.

“ಇದೇ ಅಂತ ಖಾಯಂ ಮಾಡಿಬಿಡ್ಲಾ ಹಾಗಾದ್ರೆ?”

“ಮಾಡು.” ಕಣ್ಣು ಎಳೆಯುತ್ತಿತ್ತು. ಕಂಬಳಿಗೆ ಒರಗಿದರೆ ಅಲ್ಲೇ ನಿದ್ದೆ ಹತ್ತುವಂತಿತ್ತು.

“ಕಸದ ಬುಟ್ಟೀಲಿ ಒಂದೇ ಒಂದಿದೆ ನೋಡಿ. ಅಂದ್ರೆ ಸರಿಯಾಗೇ ಆರಿಸ್ತಿದೆ.” ನಾದಿನಿಗೆ ನಗು ಬಂತು. “ಪಾರ್ಟಿ ಇದೆ ಬನ್ನಿ ಅಂತ ಯಾರೋ ಕರೆದಿದಾರೆ. ಪಾರ್ಟಿ, ಪಾರ್ಟಿ ಅಂತ ಬರೆದು ಉಳಿದದ್ದೆಲ್ಲ ಚುಕ್ಕೆ ಹಾಕಿದೆ. ಯಾರೋ ಕುಡಿದು ಒತ್ತಿರ್ಬೇಕು. ಅಳಿಸ್ಬಿಡ್ತೀನಿ.”

ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

“ತಾಳು. ಅದನ್ನ ಹಾಕು.”

“ಕೇಳೋ ಹಾಗಿಲ್ಲ ಅತ್ತಿಗೆ, ಬರೀ ಗೊರಗೊರ.”

“ತೊಳೀದೇ ಇರೋದು ಇರತ್ತಲ್ಲ, ಮೊದಲು ಬಂದ ಹಾಗೇ. ಅದನ್ನ ಹಾಕು.”

ನಾದಿನಿ ಹಾಕಿದಳು. ಮೊದಲು ಬಂದದ್ದು ಫ್ಯಾನಿನ ಕಿರುಗುಟ್ಟುವಿಕೆ. ಕಿರ್, ಒಂದು ಬಿಡುವು, ಕಿರ್. ಆಮೇಲೆ ಹತ್ತಿ ತುರುಕಿದ ಬಾಯಿಂದ, ಎಡೆ ಎಡೆ ಬಿಟ್ಟು, ಆದರೆ ಒಂದು ಕಾಲದಲ್ಲಿ ಊರೇ ಕೇಳಿದ್ದ ಗತ್ತಿನಲ್ಲಿ ಒಂದು ದನಿ.

ಹಲೋ. ಪಾರ್ಟಿ ಲೈನಲ್ಲಿದಾರೆ.

ಉಸಿರು. ಫ್ಯಾನು.

ಪಾರ್ಟಿ ಲೈನಲ್ಲಿದಾರೆ. ಮಾತಾಡಿ.

ಆಮೇಲೆ ಮಾತಿಲ್ಲ. ಉಸಿರು ಮಾತ್ರ, ತುಸು ಏದುಸಿರು, ಆ ಕಡೆಯವರು ಮಾತಾಡಲೆಂದು ಕಾಯುವವರದ್ದು. ಒಂದೂವರೆ ನಿಮಿಷ ತುಂಬುವವರೆಗೂ ಆ ಉಸಿರು ಕಾಯಿತು. ವಾಯ್ಸ್ ಬಾಕ್ಸ್ ಉತ್ತರ ಕೊಡುವುದಿಲ್ಲ ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಕೊನೆಗೆ ಕಟ್ ಆಯಿತು.

“ಹೇಳಿದ್ನಲ್ಲ” ಎಂದಳು ನಾದಿನಿ. “ಯಾರೋ ಕುಡುಕ.”

“ಅಮ್ಮ ಕಣೇ.”

“ಯಾರಮ್ಮ?”

“ನಿನ್ನಮ್ಮ.”

ತೆರೆಯ ಮೇಲೆ ನಾದಿನಿಯ ಮುಖ ಸಿಕ್ಕಿಹಾಕಿಕೊಂಡಂತೆ ನಿಂತಿತು. ನೆಟ್‌ವರ್ಕು ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಆ ಮುಖ ಪಕ್ಕಕ್ಕೆ ತಿರುಗಿತು. ದಿನವಿಡೀ ದನಿಗಳ ಜೊತೆ ಕೆಲಸ ಮಾಡುವವಳು, ಉಸಿರಿನ ತಪ್ಪನ್ನೂ ಹಿಡಿದು ಕತ್ತರಿಸುವವಳು. ಅವಳಿಗೆ ಈಗ ಏನಾಗುತ್ತಿದೆ ಎಂದು ಇವಳಿಗೆ ಗೊತ್ತಿತ್ತು. ಸಮಾಧಾನ ಹೇಳುವಷ್ಟು ಶಕ್ತಿ ಇರಲಿಲ್ಲ.

“ಏನಂದ್ರು ಅಮ್ಮ?” ಎಂದಳು ನಾದಿನಿ.

“ಪಾರ್ಟಿ ಲೈನಲ್ಲಿದಾರೆ ಅಂತ. ಎಕ್ಸ್‌ಚೇಂಜಲ್ಲಿ ಹೇಳ್ತಿದ್ರಲ್ಲ, ಆ ಕಡೆಯವರು ಬಂದಿದಾರೆ, ಮಾತಾಡಿ ಅಂತ.”

“ಅಂದ್ರೆ?”

ಅಂದರೆ ಏನು ಎಂದು ಅವಳಿಗೆ ಆಗಲೇ ಹೊಳೆದಿತ್ತು. ಆ ಲೈನು ತಮ್ಮಿಬ್ಬರಿಗೇ ಬರುತ್ತದೆ ಎಂದು ತಿಳಿದೇ ಅತ್ತೆ ಒತ್ತಿದ್ದರು. “ನೀವು ಯಾರ ವಿಷಯ ಮಾತಾಡ್ತಿದೀರೋ ಅವರು ಇಲ್ಲೇ ಇದಾರೆ ಅಂತ.”

ನಾದಿನಿ ಕಣ್ಣು ಮುಚ್ಚಿಕೊಂಡಳು. “ಆ ಟ್ಯಾಬ್ ನನ್ನ ಅಕೌಂಟಲ್ಲೇ ಇರೋದು ಅತ್ತಿಗೆ. ಹಾಡು ಮುಗಿದ್ಮೇಲೆ ನಮ್ಮ ಸಂಚಿಕೆ ತಾನಾಗೇ ಶುರುವಾಗತ್ತೆ. ನಾನೇ ಹಾಗೆ ಮಾಡಿಟ್ಟಿದ್ದೆ. ನಿಮ್ಮ ದನಿ ಕೇಳ್ತಾ ಮಲಗ್ಲಿ ಅಂತ. ಅರ್ಥ ಆಗತ್ತೆ ಅಂತ ಯಾರಿಗೆ ಗೊತ್ತಿತ್ತು.”

“ಎಲ್ಲಾ ಸಂಚಿಕೇನೂ?”

“ಎಲ್ಲಾನೂ.”

ಮಧ್ಯಾಹ್ನ ಅತ್ತೆಗೆ ಹಾಡು ಹಾಕಿ, ಬಾಗಿಲು ಮುಂದೆ ಮಾಡಿ, ಔಷಧಿ ಅಂಗಡಿಗೋ ತರಕಾರಿಗೋ ಹೋಗುತ್ತಿದ್ದ ತನ್ನ ಬೆನ್ನು ಅವಳ ಕಣ್ಣಿಗೆ ಕಟ್ಟಿತು. ಆ ಬೆನ್ನಿನ ಹಿಂದೆ ತನ್ನದೇ ದನಿ ಆ ಕೋಣೆಯೊಳಗೆ ಕೂತು, ಅಲ್ಲಾಡಲಾಗದ ಆ ಜೀವಕ್ಕೆ ಅದರದೇ ಬೆಡ್‌ಶೀಟಿನ ಕಥೆ ಹೇಳುತ್ತಿತ್ತು. ಅದರದೇ ಸಾವಿನ ಬಾಗಿಲಲ್ಲಿ ನಿಂತು ಟೀ ಕುಡಿದ ಕಥೆಯನ್ನೂ.

“ಏನ್ಮಾಡೋಣ ಈಗ?” ಎಂದಳು ನಾದಿನಿ.

“ಅಳಿಸ್ಬೇಡ. ಇರು, ಬರ್ತೀನಿ” ಎಂದು ಅವಳು ಎದ್ದಳು.

ಎದ್ದವಳು ನೇರ ಹೋಗಲಾರದೆ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಳು. ಕೈಗೆ ಏನಾದರೂ ಬೇಕಿತ್ತು. ಟೀ ಕಾಸಿದಳು. ಲೋಟಕ್ಕೆ ಸುರಿದ ಮೇಲೆ ತಾನು ಏನು ಮಾಡಿದೆ ಎಂದು ಹೊಳೆದು, ಚೆಲ್ಲಲೇ ಎಂದುಕೊಂಡು, ಚೆಲ್ಲದೆ, ಹಿಡಿದುಕೊಂಡೇ ಹೋದಳು. ಗಂಡ ಸೋಫಾದಿಂದ, “ನನಗೂ ಅರ್ಧ ಲೋಟ” ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಗಿಲ ಹತ್ತಿರ ಕಾಲು ತಾನಾಗಿ ನಿಂತಿತು. ಅದೇ ಚೌಕಟ್ಟು, ಅದೇ ಲೋಟ. ಅತ್ತೆಗೆ ಎಚ್ಚರವಿತ್ತು. ಅವಳ ಮುಖ ನೋಡಿದರು, ಲೋಟ ನೋಡಿದರು.

“ಟೀ?” ಎಂದರು.

ದಿನಾ ಬೆಳಿಗ್ಗೆಯ ಅದೇ ಪದ. ಇವತ್ತು ಮೊದಲ ಸಲ ಅದರ ಬಾಲ ಅವಳ ಕಿವಿಗೆ ಬಿತ್ತು. ಅತ್ತೆ ಟೀ ಬೇಡಿರಲೇ ಇಲ್ಲ. ಸಂಚಿಕೆ ಬಂದಾಗಿನಿಂದ ದಿನಾ ಕೇಳುತ್ತಿದ್ದದ್ದು, ನಿನ್ನ ಟೀ ಆಯಿತೇ ಎಂದು. ತಾನು ದಿನಾ ಗಟ್ಟಿ ಗಂಜಿ ಮಾಡಿಕೊಂಡು ಹೋಗಿ ಅವರ ಬಾಯಿಗೆ ಹಿಡಿಯುತ್ತಿದ್ದಳು. ಪೂರ್ತಿ ತಿಳಿಯುವವಳು ನಾನೊಬ್ಬಳೇ ಎಂದುಕೊಂಡು.

ಅವಳು ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ತಪ್ಪಾಯಿತು ಎನ್ನಬಹುದಿತ್ತು. ಆ ಮಾತು ಬೆಡ್‌ಶೀಟು ಬದಲಿಸುವಾಗಲೂ, ಸೂಜಿ ಚುಚ್ಚುವಾಗಲೂ ಎಷ್ಟೋ ಸಲ ಆಡಿ ಸವೆದುಹೋಗಿತ್ತು.

“ಕೇಳಿದ್ರಾ ಅತ್ತೆ, ಅದನ್ನ?”

ಅತ್ತೆ ಎಡಗೈ ಎತ್ತಿ ತಮ್ಮ ಕಿವಿ ಮುಟ್ಟಿಕೊಂಡರು. ಬಾಯಿ ಹೊರಳಿಸಿ ಹೊರಳಿಸಿ, ಕೊನೆಗೆ ಅಂದರು, “ಕಿವಿ. ತೆಗೀಲಿಲ್ಲ.”

ಅವಳಿಗೆ ಥಟ್ಟನೆ ಅರ್ಥವಾಯಿತು. ಅತ್ತೆಗೆ ಮಾತಿದ್ದ ಕಾಲದಲ್ಲಿ ಮನೆಗೆ ಬಂದ ಹೆಂಗಸರು, ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಊರಿನ ಗುಟ್ಟೆಲ್ಲ ಗೊತ್ತಿರಬೇಕು ಎಂದು ಕೆಣಕುತ್ತಿದ್ದರು. ಅತ್ತೆ ಆಗೆಲ್ಲ ಬೀಗುತ್ತಾ ಹೇಳುತ್ತಿದ್ದದ್ದು ಒಂದೇ ಮಾತು. ಲೈನ್ ಕೊಟ್ಟ ಮೇಲೆ ಕಿವಿ ತೆಗೀಬೇಕು. ನನ್ನ ಬೆರಳಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಕೆಲಸದಲ್ಲಿದ್ದ ಅಷ್ಟು ವರ್ಷವೂ ಒಬ್ಬರ ಮಾತಿಗೂ ಕಿವಿಗೊಡದವರು ಈಗ ಸೊಸೆಯ ಮಾತನ್ನು ಕದ್ದು ಕೇಳಿದ್ದರು, ಅದೂ ಕೊನೆಯವರೆಗೆ, ಅದೂ ಪ್ರತಿ ಸಲ. ಆ ಮುಖದಲ್ಲಿದ್ದದ್ದು ಸಿಟ್ಟಲ್ಲ. ನಾಚಿಕೆ. ಕದ್ದು ಕೇಳುವವರಾಗಿ ಇರಲಾರದೆ, ನಾನಿಲ್ಲಿದ್ದೇನೆ ಎಂದು ಅವರು ಲೈನಿನೊಳಗೆ ಬಂದು ಹೇಳಿದ್ದರು.

“ನಾನೂ ಕೇಳ್ಬೇಕಿತ್ತು ನಿಮ್ಮನ್ನ” ಎಂದಳು ಅವಳು. “ಹೇಳೋ ಮೊದಲು. ನಿಮ್ಮ ವಿಷಯ ಹೇಳ್ಲಾ ಅಂತ.”

“ಹೂಂ” ಎಂದರು ಅತ್ತೆ. ಆ ಹೂಂ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಯಾವ ಪುಡಿಯೂ ಬೇಕಿರಲಿಲ್ಲ.

“ಬೆಡ್‌ಶೀಟಿನ ವಿಷಯ?”

“ಎಂಗೇಜ್.”

“ಇನ್ಮೇಲೆ ಹೇಳಲ್ಲ. ಹೇಳಿದ್ದನ್ನ ಟ್ರಂಕಿಗೆ ಹೇಳಿ ತೆಗೆಸ್ತೀನಿ.” ಅವಳು ತಡೆದಳು. ಕೇಳಬೇಕಾದ್ದು ಇನ್ನೊಂದಿತ್ತು. “ಟೀ ವಿಷಯ?”

ಅತ್ತೆ ಫ್ಯಾನಿನ ಕಡೆ ನೋಡಿದರು. ಅವರ ಬಾಯಲ್ಲಿ ಒಂದು ಪದ ಹುಟ್ಟಿ, ಜಾರಿ, ಮತ್ತೆ ಹುಟ್ಟುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಬಾಯಿಗೆ ಪದ ಹಾಕಿಕೊಡುವ ಅಭ್ಯಾಸ ಅವಳದು. ಈ ಸಲ ಕಾದಳು.

“ಇರ್ಲಿ” ಎಂದರು ಅತ್ತೆ.

ಎಕ್ಸ್‌ಚೇಂಜಿನ ಪದವಲ್ಲ ಅದು. ಎಲ್ಲಿಂದ ಹುಡುಕಿ ತಂದರೋ.

ಚಿಕ್ಕ ಕೋಣೆಯ ಲ್ಯಾಪ್‌ಟಾಪಿನಿಂದ ನಾದಿನಿ, “ಅತ್ತಿಗೆ, ಇದೀರಾ?” ಎನ್ನುತ್ತಿದ್ದಳು. ಅವಳು ಹೋಗಿ ಲ್ಯಾಪ್‌ಟಾಪನ್ನು ಎತ್ತಿ ತಂದು ಮಂಚದ ಮೇಲಿಟ್ಟಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. “ಟ್ರಂಕು” ಎಂದರು ಅತ್ತೆ. ಕೆಂಪಗಾಗಿದ್ದ ಕಣ್ಣಲ್ಲೇ ನಾದಿನಿ, “ಹೂಂ ಅಮ್ಮ, ಟ್ರಂಕೇ” ಎಂದಳು. ಇವಳು ಕೆಲಸದ ಮಾತು ಎತ್ತಿದಳು, ಅದೇ ಸುಲಭವಿತ್ತು.

“ವಾಯ್ಸ್ ಬಾಕ್ಸೇ ಇರ್ಲಿ. ಗ್ರೂಪು ಬೇಡ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳೋದು ಬೇಡ. ಆದ್ರೆ ಆ ತೊಳೆಯೋದನ್ನ ತೆಗೆದುಬಿಡು. ಕಸದ ಬುಟ್ಟೀನೂ ತೆಗಿ.”

“ಅತ್ತಿಗೆ, ಆಗ ಎಲ್ಲಾನೂ ನೀವೇ ಕೇಳ್ಬೇಕಾಗತ್ತೆ. ನಲ್ಲಿ, ಪಾತ್ರೆ, ಟ್ರಾಫಿಕ್ಕು ಎಲ್ಲಾ ಸೇರ್ಕೊಂಡು. ಇದರಿಂದ ತಪ್ಪಿಸ್ಕೋಬೇಕು ಅಂತಾನೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ನಿಮ್ಮ ಕೈಲಿ ಆಗತ್ತಾ?”

“ಆಗಲ್ಲ” ಎಂದಳು ಅವಳು. ಅದು ನಿಜವಾಗಿತ್ತು.

“ಎಂಗೇಜ್” ಎಂದರು ಅತ್ತೆ.

“ಏನು ಬೇಡ ಅಮ್ಮ?” ನಾದಿನಿ ಕೇಳಿದಳು.

ಅತ್ತೆ ತಲೆಯಾಡಿಸಿದರು, ಬೇಡ ಎಂದಲ್ಲ ಎಂಬ ಹಾಗೆ. ಎಡಗೈ ಎತ್ತಿ, ಟ್ಯಾಬಿನಲ್ಲಿ ಇನ್ನೂ ತೆರೆದೇ ಇದ್ದ ಪುಟದ ಕೆಂಪು ಗುಂಡಿಯ ಮೇಲೆ ಅಂಗೈ ಮುಚ್ಚಿದರು. “ಎಂಗೇಜ್” ಎಂದು ಮತ್ತೆ ಹೇಳಿ ಸೊಸೆಯತ್ತ ಗದ್ದ ತೋರಿಸಿದರು.

ಎಕ್ಸ್‌ಚೇಂಜಿನಲ್ಲಿ ಆ ಪದಕ್ಕಿದ್ದ ಮೊದಲಿನ ಅರ್ಥ ಈ ಮನೆಯಲ್ಲಿ ಮರೆತೇಹೋಗಿತ್ತು. ಲೈನಿಗೆ ಬಿಡುವಿಲ್ಲ, ಆಮೇಲೆ ಮಾಡಿ. ಬೈಗುಳವಲ್ಲ, ಒಲ್ಲೆನೆಂಬುದಲ್ಲ, ಲೈನು ಕೆಟ್ಟಿದೆ ಎಂದೂ ಅಲ್ಲ.

“ಮುಚ್ಚಿಡಬಹುದಾ ಅದನ್ನ?” ಎಂದು ಅವಳು ನಾದಿನಿಯನ್ನು ಕೇಳಿದಳು. “ವಾರದಲ್ಲಿ ಒಂದೆರಡು ದಿನ ಮಾತ್ರ ತೆಗೆದಿಟ್ಟು?”

“ಇಡಬಹುದು. ಮುಚ್ಚಿರೋವಾಗ ಒತ್ತಿದವರಿಗೆ ಏನಾದ್ರೂ ಕೇಳಿಸ್ಬೇಕು ಅಷ್ಟೆ. ನೀವೇ ಏನಾದ್ರೂ ಹೇಳಿ ಕಳ್ಸಿ.”

“ನಾನು ಬೇಡ. ಅದನ್ನ ಹೇಳೋರು ಇಲ್ಲೇ ಇದಾರಲ್ಲ, ಕೆಲಸ ಗೊತ್ತಿರೋರು. ಹೇಳ್ತೀರಾ ಅತ್ತೆ?”

ಅತ್ತೆ ದಿಂಬಿನ ಮೇಲೆ ಕತ್ತನ್ನು ತುಸು ಸರಿಮಾಡಿಕೊಂಡರು. ಕೂದಲ ಮೇಲೆ ಎಡಗೈ ಆಡಿಸಿಕೊಂಡರು, ಅಲ್ಲೊಂದು ಹೆಡ್‌ಫೋನ್ ಇದ್ದ ಹಾಗೆ.

“ಯಾರಾದ್ರೂ ಅರ್ಥ ಆಗಲ್ಲ ಅಂತ ಬರೆದ್ರೆ?” ಎಂದಳು ನಾದಿನಿ.

“ಅವರ ಮನೇಲೂ ಇಂಥ ದನಿ ಇರತ್ತೆ. ಅರ್ಥ ಆಗತ್ತೆ.”

ನಾದಿನಿ, ಹಳೆಯ ಸಂಚಿಕೆ ಸರಿಮಾಡುತ್ತೇನೆ ಎಂದು ಹೇಳಿ ಹೋದಳು. ಹೋಗುವ ಮೊದಲು, ಕಸದ ಬುಟ್ಟಿಯಲ್ಲಿದ್ದ ಆ ದನಿಯನ್ನು ತನಗೊಂದು ಇಟ್ಟುಕೊಳ್ಳಲೇ ಎಂದು ಕೇಳಿದಳು, ಇವಳನ್ನಲ್ಲ, ಅಮ್ಮನನ್ನು. ತೆರೆ ಕಪ್ಪಾಯಿತು. ಮಂಚದ ತುದಿಯಲ್ಲಿದ್ದ ಇವಳ ಫೋನು ಟಿಂಗ್ ಎಂದಿತು. ಹಳೆಯ ನಂಬರಿಗೆ ಇನ್ನೂ ದನಿಗಳು ಬರುತ್ತಿದ್ದವು. ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಬೆನ್ನು ಹಾಗೇ ನೋಯುತ್ತಿತ್ತು. ಸಂಜೆಗೆ ಅತ್ತೆಯನ್ನು ಮಗ್ಗುಲು ಬದಲಿಸಬೇಕು, ನಾಳೆ ಮತ್ತೆ ಮಾತ್ರೆ ಪುಡಿ ಮಾಡಬೇಕು, ಸೋಫಾದ ಮೇಲಿನ ಲೈನ್‌ಮನ್ನನ್ನು ಎಬ್ಬಿಸಿ ಫ್ಯಾನು ಬಿಚ್ಚಿಸಬೇಕು. ಯಾವುದೂ ಹಗುರಾಗಿರಲಿಲ್ಲ.

“ಟೀ?” ಎಂದರು ಅತ್ತೆ.

ಅವಳು ಮಂಚದ ಪಕ್ಕದಲ್ಲಿಟ್ಟಿದ್ದ ಲೋಟ ಎತ್ತಿ ನೋಡಿದಳು. “ಇನ್ನೂ ಹಾಗೇ ಇದೆ ಅತ್ತೆ. ತಣ್ಣಗಾಗಿದೆ.”

“ಕುಡಿ.”

ಅವಳು ಕುಡಿದಳು. ಅತ್ತೆ ನೋಡುತ್ತಿದ್ದರು.